ನಾಟಕಕಾರ ಕಾಣದ ನಾಟಕ: ರಷ್ಯಾದಲ್ಲಿ ಏಳು ದಿನ

ಮೊದಲನೆಯ ದಿನ: ಸೇಂಟ್ ಪೀಟರ್ಸ್‌ಬರ್ಗ್

2019ರ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದಿಳಿದಾಗ ನನ್ನ ಕೈಚೀಲದಲ್ಲಿ ರಟ್ಟಿನ ಹೊದಿಕೆಯ ಒಂದು ನೋಟುಪುಸ್ತಕವಿತ್ತು. ಅಲೆಕ್ಸಿ ಕಾನ್‌ಸ್ಟಾಂಟಿನೊವಿಚ್ ಟಾಲ್‌ಸ್ಟಾಯ್ ಬರೆದ 'ಝಾರ್ ಫ್ಯೋದೊರ್ ಇಯೊಅನೊವಿಚ್' ಎಂಬ ಐತಿಹಾಸಿಕ ದುರಂತ ನಾಟಕವನ್ನು ಎರಡು ವರ್ಷಗಳಿಂದ ಕನ್ನಡಕ್ಕೆ ತರುತ್ತಿದ್ದ ನನ್ನ ಶ್ರಮವೆಲ್ಲ ಅದರಲ್ಲಿತ್ತು. ಐದು ಅಂಕಗಳಲ್ಲಿ ಕೊನೆಯ ನಾಲ್ಕೈದು ಸಾಲುಗಳನ್ನು ಬಿಟ್ಟು ಉಳಿದೆಲ್ಲವೂ ಒಂದು ಹದಕ್ಕೆ ಬಂದಿದ್ದವು. ಆ ಸಾಲುಗಳು ಮಾತ್ರ ಎಷ್ಟು ತಿದ್ದಿದರೂ ನನ್ನ ಕಿವಿಗೆ ಒಪ್ಪುತ್ತಿರಲಿಲ್ಲ. ನಾಟಕಕಾರ ಹುಟ್ಟಿದ ಊರಿನಿಂದ ಅವನನ್ನು ಮಣ್ಣು ಮಾಡಿದ ಹಳ್ಳಿಯವರೆಗೆ ಒಮ್ಮೆ ಹೋಗಿ ಬರಬೇಕೆಂಬ ಆಸೆ ಹುಟ್ಟಿದ್ದು ಅದರಿಂದಲೇ.

ಟಾಲ್‌ಸ್ಟಾಯ್ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವವರು ಲಿಯೋ ಟಾಲ್‌ಸ್ಟಾಯ್. ಅಲೆಕ್ಸಿ ಅವರ ದೂರದ ದಾಯಾದಿ, ಹನ್ನೊಂದು ವರ್ಷ ಹಿರಿಯ. 1817ರಲ್ಲಿ ಇದೇ ಊರಿನಲ್ಲಿ ಹುಟ್ಟಿದವನು. ನಾನು ಅವನ ಹೆಸರನ್ನು ಮೊದಲು ಓದಿದ್ದು ರಷ್ಯಾದ ನಟ, ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಆತ್ಮಕಥೆಯಲ್ಲಿ. ರಂಗಭೂಮಿಯ ಹುಚ್ಚು ಹತ್ತಿದ ನಮ್ಮಂಥವರೆಲ್ಲ ನಟನೆಯ ಪಾಠಕ್ಕೆಂದು ಆ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತೇವೆ; ನನಗೆ ಅದರಲ್ಲಿ ಪಾಠಕ್ಕಿಂತ ಹೆಚ್ಚಾಗಿ ಅಂಟಿಕೊಂಡದ್ದು ಮಾಸ್ಕೋ ಆರ್ಟ್ ಥಿಯೇಟರ್ ತನ್ನ ಮೊದಲ ಸಂಜೆ ಆಡಿದ ಇದೇ ನಾಟಕದ ಹೆಸರು.

ಮಧ್ಯಾಹ್ನ ಅಲೆಕ್ಸಾಂದ್ರಿನ್‌ಸ್ಕಿ ಥಿಯೇಟರಿನ ಮುಂದೆ ನಿಂತೆ. ಕಾರ್ಲೊ ರೋಸ್ಸಿ ಕಟ್ಟಿದ ಈ ರಂಗಮಂದಿರ 1832ರಲ್ಲಿ ಬಾಗಿಲು ತೆರೆಯಿತು. ಹಿಂಭಾಗದಿಂದ ಹೊರಡುವ ಬೀದಿಗೆ ಶಿಲ್ಪಿಯ ಹೆಸರನ್ನೇ ಇಟ್ಟಿದ್ದಾರೆ: ಅಗಲ 22 ಮೀಟರ್, ಇಕ್ಕೆಲದ ಕಟ್ಟಡಗಳ ಎತ್ತರ 22 ಮೀಟರ್, ಉದ್ದ 220 ಮೀಟರ್. ಹಳದಿ ಗೋಡೆ ಮತ್ತು ಬಿಳಿ ಕಂಬಗಳ ಆ ಓಣಿಯಲ್ಲಿ ತುಂತುರು ಮಳೆಗೆ ಕೊಡೆ ಹಿಡಿದು ನಡೆಯುವಾಗ ಇಡೀ ಬೀದಿಯೇ ಒಂದು ರಂಗಸಜ್ಜಿಕೆಯಂತೆ ಕಾಣುತ್ತದೆ.

ಟಾಲ್‌ಸ್ಟಾಯಿಗೂ ಈ ರಂಗಮಂದಿರಕ್ಕೂ ನಂಟು ಬೆಳೆದದ್ದು ಎರಡು ಬಾರಿ. 1851ರ ಜನವರಿಯಲ್ಲಿ ಅವನು ತನ್ನ ಸೋದರಸಂಬಂಧಿ ಅಲೆಕ್ಸಿ ಝೆಮ್‌ಚುಝ್ನಿಕೋವ್ ಜೊತೆ ಸೇರಿ ಬರೆದ ಒಂದು ಪ್ರಹಸನ ಇಲ್ಲಿ ಪ್ರದರ್ಶನವಾಯಿತು. ನೋಡಲು ಬಂದಿದ್ದ ಒಂದನೆಯ ನಿಕೊಲಾಯ್ ಝಾರನಿಗೆ ಅದು ಸರಿಬರಲಿಲ್ಲ, ಮರುದಿನವೇ ನಿಷೇಧವಾಯಿತು. ಎರಡನೆಯದು 1867ರ ಜನವರಿ 12ರಂದು ನಡೆದ 'ಇವಾನ್ ಗ್ರೋಜ್ನಿಯ ಸಾವು' ನಾಟಕದ ಮೊದಲ ಪ್ರಯೋಗ. ಗ್ರೋಜ್ನಿ ಎಂದರೆ ಭೀಕರ, ಹದಿನಾರನೆಯ ಶತಮಾನದ ಇವಾನ್ ಝಾರನಿಗೆ ಬಿದ್ದ ಹೆಸರು. ಅದಕ್ಕೆ ಖಜಾನೆಯಿಂದ ಧಾರಾಳವಾಗಿ ಹಣ ಬಿಡುಗಡೆಯಾಗಿತ್ತು. ಹದಿನಾರನೆಯ ಶತಮಾನದ ಉಡುಗೆಗಳ ಚಿತ್ರಗಳನ್ನು ವ್ಯಾಚೆಸ್ಲಾವ್ ಷ್ವಾರ್ಟ್ಸ್ ಎಂಬ ಕಲಾವಿದ ಬರೆದುಕೊಟ್ಟಿದ್ದನು. ಇತಿಹಾಸಕಾರ ಕೊಸ್ತೊಮಾರೊವ್ ಸಲಹೆಗಾರನಾಗಿದ್ದನು. ಇಷ್ಟೆಲ್ಲ ಇದ್ದೂ ಇವಾನನ ಪಾತ್ರ ವಹಿಸಿದ ಪಾವೆಲ್ ವಾಸಿಲ್ಯೇವ್ ಹಾಸ್ಯಪಾತ್ರಗಳಲ್ಲಿ ಪಳಗಿದವನಾದ್ದರಿಂದ ಆ ಭಾರವನ್ನು ಹೊರಲು ಅವನಿಂದ ಆಗಲಿಲ್ಲವೆಂದು ಅಂದಿನ ವಿಮರ್ಶಕರು ಬರೆದರು.

ಆ ನಾಟಕದ ಮುಕ್ತಾಯವನ್ನು ನಾನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಮಗನನ್ನು ತನ್ನ ಕೈಯಾರೆ ಕೊಂದ ಇವಾನ್ ಕೊನೆಗಾಲದಲ್ಲಿದ್ದಾನೆ. ಸಂತ ಕಿರಿಲನ ಹಬ್ಬದ ದಿನ, ಅಂದರೆ ಮಾರ್ಚ್ 18ರಂದು, ಸಾಯುವೆಯೆಂದು ಮಂತ್ರವಾದಿಗಳು ಭವಿಷ್ಯ ನುಡಿದಿದ್ದಾರೆ. ಆ ದಿನ ಬಂದಿದೆ, ಹಗಲು ಕಳೆಯುತ್ತ ಬಂದಿದೆ, ತಾನು ಗುಣಮುಖನಾದೆನೆಂದು ಅವನು ಸಂತೋಷದಿಂದ ಚದುರಂಗದ ಮುಂದೆ ಕುಳಿತಿದ್ದಾನೆ. ಮಂತ್ರವಾದಿಗಳನ್ನು ಕೇಳಿ ಬರಲು ಕಳುಹಿಸಿದ್ದ ಆಸ್ಥಾನಿಕ ಬೊರಿಸ್ ಗೊದುನೊವ್ ಒಳಗೆ ಬರುತ್ತಾನೆ. ಏನು ಹೇಳಿದರೆಂದು ಇವಾನ್ ಕೇಳುತ್ತಾನೆ. ಕಿರಿಲನ ದಿನ ಇನ್ನೂ ಮುಗಿದಿಲ್ಲವೆಂದು ಹೇಳಿದರು, ಎಂದಷ್ಟೇ ಗೊದುನೊವ್ ಉತ್ತರಿಸಿ ಅವನನ್ನೇ ದಿಟ್ಟಿಸಿ ನಿಲ್ಲುತ್ತಾನೆ. ವಿಷವಿಲ್ಲ, ಕತ್ತಿಯಿಲ್ಲ, ಒಂದು ವಾಕ್ಯ ಒಬ್ಬ ಚಕ್ರವರ್ತಿಯನ್ನು ಕೆಡಹುತ್ತದೆ. ಪಾಪನಿವೇದನೆಗೆ ಪಾದ್ರಿಯನ್ನು ಕರೆಯಿರೆಂದು ಅವನು ಕೂಗಿಕೊಂಡಾಗ ಓಡಿ ಬರುವುದು ಅವನೇ ಮನರಂಜನೆಗೆಂದು ಕರೆಸಿಟ್ಟಿದ್ದ ವಿದೂಷಕರ ದಂಡು, ಹಾಡುತ್ತ, ಕುಣಿಯುತ್ತ. ಇವಾನ್ 1584ರಲ್ಲಿ ಚದುರಂಗದ ಹಲಗೆಯ ಬಳಿಯೇ ಸತ್ತನೆಂಬುದು ಇತಿಹಾಸ. ಆ ವಾಕ್ಯ ಮಾತ್ರ ಟಾಲ್‌ಸ್ಟಾಯಿಯದು.

ಎರಡನೆಯ ದಿನ: ಸಾಬ್ಲಿನೊ

ಬೆಳಿಗ್ಗೆ ಮಾಸ್ಕೋವ್‌ಸ್ಕಿ ನಿಲ್ದಾಣದಿಂದ ಲೋಕಲ್ ರೈಲು ಹಿಡಿದು ಸಾಬ್ಲಿನೊಗೆ ಹೋದೆ. ತೊಸ್ನಾ ನದಿಯ ಎತ್ತರದ ದಂಡೆಯಲ್ಲಿ ಟಾಲ್‌ಸ್ಟಾಯ್ ಮನೆತನದ ಪುಸ್ತಿಂಕಾ ಎಂಬ ಎಸ್ಟೇಟ್ ಇತ್ತು. ಹೆಸರಿನ ಅರ್ಥ ಏಕಾಂತದ ಆಶ್ರಮವೆಂದು. ಕವಿಗಳೂ ದಾರ್ಶನಿಕರೂ ವಾರಗಟ್ಟಲೆ ಬಂದು ತಂಗುತ್ತಿದ್ದ ಆ ಮನೆ ಇಂದು ಇಲ್ಲ. ಕಣಿವೆಯ ಕೆಂಪು ಮರಳುಗಲ್ಲಿನ ಗೋಡೆಗಳು, ಅವುಗಳ ಮೇಲೆ ಬಾಗಿದ ಬರ್ಚ್ ಮರಗಳು, ಕೆಳಗೆ ಚಹಾದ ಬಣ್ಣದ ನೀರು, ಇಷ್ಟು ಇವೆ. ದಂಡೆಯ ಮೇಲೆ ಒಂದು ಗಂಟೆ ಕುಳಿತೆ.

ಆ ಒಂದು ಗಂಟೆ ನಾನು ಯೋಚಿಸಿದ್ದು ಅವನು 1861ರಲ್ಲಿ ಎರಡನೆಯ ಅಲೆಕ್ಸಾಂದರ್ ಝಾರನಿಗೆ ಬರೆದ ಪತ್ರವನ್ನು ಕುರಿತು. ಇಬ್ಬರೂ ಎಂಟು ವರ್ಷದವರಿದ್ದಾಗಿನಿಂದ ಒಡನಾಡಿಗಳು. ಯುವರಾಜನ ಆಟದ ಜೊತೆಗಾರನಾಗಿ ಅಲೆಕ್ಸಿಯನ್ನು ಅರಮನೆಗೆ ಕರೆದೊಯ್ಯುತ್ತಿದ್ದರು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಒಡೆಸ್ಸಾದ ಬಳಿ ಅವನು ಟೈಫಸ್ ಜ್ವರದಿಂದ ಸಾಯುವ ಸ್ಥಿತಿಯಲ್ಲಿದ್ದಾಗ, ಆಗತಾನೆ ಪಟ್ಟಕ್ಕೆ ಬಂದಿದ್ದ ಅಲೆಕ್ಸಾಂದರ್ ಪ್ರತಿದಿನ ತಂತಿಯ ಮೂಲಕ ಅವನ ಆರೋಗ್ಯದ ವರದಿ ತರಿಸಿಕೊಳ್ಳುತ್ತಿದ್ದನು. 1856ರ ಪಟ್ಟಾಭಿಷೇಕದಂದು ಅವನನ್ನು ತನ್ನ ಅಂಗರಕ್ಷಕ ಅಧಿಕಾರಿಯನ್ನಾಗಿ ಮಾಡಿಕೊಂಡನು. ಬೇರೆ ಯಾರಿಗಾದರೂ ಅದು ಬದುಕಿನ ಶಿಖರ. ಅವನಿಗೆ ಅದು ಉಸಿರು ಕಟ್ಟಿಸಿತು. ನನ್ನೊಳಗಿನ ಕಲಾವಿದನನ್ನು ಅದುಮಿಡಬಲ್ಲೆನೆಂದು ಬಹುಕಾಲ ನಂಬಿದ್ದೆ, ಆದರೆ ಅದು ವ್ಯರ್ಥ ಹೋರಾಟ, ಸರ್ಕಾರಿ ಸೇವೆಯೂ ಕಲೆಯೂ ಒಟ್ಟಿಗೆ ನಡೆಯಲಾರವು ಎಂದು ಆ ಪತ್ರದಲ್ಲಿ ಹೇಳಿಕೊಂಡು, ಏನೇ ಆದರೂ ಸತ್ಯವನ್ನೇ ಹೇಳುವ ಒಂದು ಸೇವೆಯನ್ನು ಮಾತ್ರ ತನಗೆ ಉಳಿಸಬೇಕೆಂದು ಕೇಳಿಕೊಂಡನು. ಬಿಡುಗಡೆ ಸಿಕ್ಕಿತು. ಅವನು ನಿಜಕ್ಕೂ ಆ ಸೇವೆಯನ್ನು ಬಿಡಲಿಲ್ಲ. ರಾಜನ ಬೇಟೆಯೊಂದರಲ್ಲಿ ಸಾಹಿತ್ಯಲೋಕದ ಸುದ್ದಿಯೇನೆಂದು ಅಲೆಕ್ಸಾಂದರ್ ಕೇಳಿದಾಗ, ಲೇಖಕ ಚೆರ್ನಿಶೆವ್‌ಸ್ಕಿಗೆ ಅನ್ಯಾಯವಾಗಿ ವಿಧಿಸಿದ ಶಿಕ್ಷೆಗಾಗಿ ರಷ್ಯನ್ ಸಾಹಿತ್ಯ ಸೂತಕ ಆಚರಿಸುತ್ತಿದೆಯೆಂದು ಅವನು ಹೇಳಿದನೆಂದೂ, ಆ ಹೆಸರನ್ನು ಇನ್ನೆಂದೂ ಎತ್ತಬೇಡವೆಂದು ಝಾರ್ ಅವನ ಮಾತನ್ನು ಅಲ್ಲಿಗೇ ತುಂಡರಿಸಿದನೆಂದೂ ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಅಧಿಕಾರವನ್ನು ದೂರದಿಂದ ಊಹಿಸಿ ಬರೆದ ನಾಟಕಕಾರರು ಬಹಳ. ಇವನು ಅದರೊಡನೆ ಚೆಂಡಾಡಿ ಬೆಳೆದವನು, ಮತ್ತು ಅದರ ಸೆರಗನ್ನು ತಾನಾಗಿ ಬಿಡಿಸಿಕೊಂಡವನು. ಇವಾನ್, ಫ್ಯೋದೊರ್, ಬೊರಿಸ್ ಎಂಬ ಝಾರರನ್ನು ಕುರಿತ ಅವನ ಮೂರು ದೊಡ್ಡ ನಾಟಕಗಳೂ ಆ ಬಿಡುಗಡೆಯ ನಂತರವೇ ಮುಗಿದವು.

ಮೂರನೆಯ ದಿನ: ರಷ್ಯನ್ ಮ್ಯೂಸಿಯಂ, ಸಂಜೆಯ ರೈಲು

ರಷ್ಯನ್ ಮ್ಯೂಸಿಯಂನಲ್ಲಿ ನಾನು ಒಂದೇ ಚಿತ್ರಕ್ಕಾಗಿ ಹೋದೆ. ಕಾರ್ಲ್ ಬ್ರ್ಯುಲ್ಲೊವ್ 1836ರಲ್ಲಿ ಬರೆದ ಅದರಲ್ಲಿ ಹತ್ತೊಂಬತ್ತು ವರ್ಷದ ಟಾಲ್‌ಸ್ಟಾಯ್ ಬೇಟೆಗಾರನ ಉಡುಪಿನಲ್ಲಿ ಕೋವಿ ಹಿಡಿದು ನಿಂತಿದ್ದಾನೆ, ಜೊತೆಗೆ ನಾಯಿಯಿದೆ. ಕುದುರೆಯ ಲಾಳವನ್ನು ಕೈಯಿಂದಲೇ ಬಗ್ಗಿಸುತ್ತಿದ್ದನೆಂದು ಹೇಳುವ ಆ ಮೈಕಟ್ಟು ಅಲ್ಲಿ ಇನ್ನೂ ಬಲಿತಿಲ್ಲ, ಕೆನ್ನೆಯಲ್ಲಿ ಹುಡುಗುತನವಿದೆ.

ಹುಟ್ಟಿದ ಆರು ವಾರಗಳಲ್ಲೇ ಅವನ ತಾಯಿ ಗಂಡನನ್ನು ಬಿಟ್ಟು ಮಗುವಿನೊಡನೆ ದಕ್ಷಿಣದ ಚೆರ್ನಿಗೊವ್ ಪ್ರಾಂತಕ್ಕೆ ಹೋದಳು. ಅಲ್ಲಿ ಹುಡುಗನನ್ನು ತಂದೆಯಂತೆ ಸಾಕಿದವನು ಸೋದರಮಾವ ಅಲೆಕ್ಸಿ ಪೆರೋವ್‌ಸ್ಕಿ. ಪೊಗೊರೆಲ್‌ಸ್ಕಿ ಎಂಬ ಕಾವ್ಯನಾಮದಲ್ಲಿ ಅವನು ಸೋದರಳಿಯನಿಗಾಗಿಯೇ ಬರೆದ ಕಪ್ಪು ಕೋಳಿಯ ಕಥೆ 1829ರಲ್ಲಿ ಅಚ್ಚಾಯಿತು. ಇಂದಿಗೂ ರಷ್ಯಾದ ಮಕ್ಕಳು ಅದನ್ನು ಓದುತ್ತಾರೆ. ಹತ್ತನೆಯ ವಯಸ್ಸಿನಲ್ಲಿ ಮಾವನೊಡನೆ ಜರ್ಮನಿಗೆ ಹೋದ ಹುಡುಗ ವೈಮಾರ್‌ನಲ್ಲಿ ಗಯಟೆಯ ತೊಡೆಯ ಮೇಲೆ ಕುಳಿತನು, ಮತ್ತು ಆ ವೃದ್ಧ ಕವಿಯಿಂದ ಹಡಗಿನ ಚಿತ್ರ ಕೊರೆದ ಮ್ಯಾಮತ್ ದಂತದ ಒಂದು ಚೂರನ್ನು ಉಡುಗೊರೆಯಾಗಿ ಪಡೆದನು. ನಲವತ್ತು ವರ್ಷಗಳ ಮೇಲೆ, 1868ರ ಜನವರಿಯಲ್ಲಿ, ಅದೇ ವೈಮಾರ್‌ನ ರಂಗಮಂದಿರ ಕರೊಲೀನಾ ಪಾವ್ಲೊವಾ ಮಾಡಿದ ಜರ್ಮನ್ ಅನುವಾದದಲ್ಲಿ ಅವನ 'ಇವಾನ್' ನಾಟಕವನ್ನು ಆಡಿತು.

ಸಂಜೆ ಸಪ್ಸಾನ್ ರೈಲು ನಾಲ್ಕು ಗಂಟೆಯಲ್ಲಿ ನನ್ನನ್ನು ಮಾಸ್ಕೋಗೆ ತಂದುಬಿಟ್ಟಿತು. ದಾರಿಯುದ್ದಕ್ಕೂ ಕತ್ತಲೆ, ಬರೆಯುವಂಥದ್ದೇನೂ ಇಲ್ಲ.

ನಾಲ್ಕನೆಯ ದಿನ: ಕ್ರೆಮ್ಲಿನ್

ಈ ದಿನಕ್ಕಾಗಿಯೇ ನಾನು ಬಂದಿದ್ದೆನೆಂದು ಹೇಳಬಹುದು. 'ಝಾರ್ ಫ್ಯೋದೊರ್' ನಾಟಕದ ಕೊನೆಯ ದೃಶ್ಯ ನಡೆಯುವ ಸ್ಥಳವನ್ನು ಟಾಲ್‌ಸ್ಟಾಯ್ ಸ್ಪಷ್ಟವಾಗಿ ಬರೆದಿದ್ದಾನೆ: ಆರ್ಖಾಂಗೆಲ್‌ಸ್ಕಿ ಕೆಥೆಡ್ರಲ್ ಎದುರಿನ ಬಯಲು. ಆ ಬಯಲು ಇದ್ದಂತೆಯೇ ಇದೆ. ಬೆಳಿಗ್ಗೆ ಹತ್ತು ಗಂಟೆಗೆ ಟಿಕೆಟ್ ಪಡೆದು ಒಳಗೆ ಹೋದಾಗ ಕಲ್ಲುಹಾಸು ರಾತ್ರಿಯ ಮಳೆಗೆ ಒದ್ದೆಯಾಗಿತ್ತು. ಬಂಗಾರದ ಗುಮ್ಮಟಗಳು ಅದರಲ್ಲಿ ತಲೆಕೆಳಗಾಗಿ ತೂಗುತ್ತಿದ್ದವು.

ಕಥೆ ತಿಳಿಯದವರಿಗಾಗಿ ಎರಡು ಮಾತು ಹೇಳಬೇಕು. ಇವಾನ್ ಸತ್ತ ಮೇಲೆ ಅವನ ಮಗ ಫ್ಯೋದೊರ್ 1584ರಿಂದ 1598ರವರೆಗೆ ಪಟ್ಟದಲ್ಲಿದ್ದನು. ಚರಿತ್ರೆಯ ಬರಹಗಳಲ್ಲಿ ಅವನು ಮಂಕು, ದೈವಭೀರು, ಗಂಟೆ ಬಾರಿಸುವುದರಲ್ಲಿ ಸುಖ ಕಂಡವನು. ರಾಜ್ಯವಾಳಿದ್ದು ಹೆಂಡತಿ ಇರೀನಾಳ ಅಣ್ಣ ಬೊರಿಸ್ ಗೊದುನೊವ್. ಕರಮ್‌ಜಿನ್ ಬರೆದ ಇತಿಹಾಸದಿಂದ ಈ ಸಾಮಗ್ರಿಯನ್ನು ತೆಗೆದುಕೊಂಡ ಟಾಲ್‌ಸ್ಟಾಯ್ ಆ ಮಂಕನನ್ನು ಬೇರೆಯೇ ಮನುಷ್ಯನನ್ನಾಗಿ ಮಾಡಿದನು. ಅವನ ಫ್ಯೋದೊರನಿಗೆ ರಾಜಕಾರ್ಯ ತಿಳಿಯದು, ಯಾರು ಬೇಕಾದರೂ ಅವನನ್ನು ಮೋಸಗೊಳಿಸಬಹುದು, ಅದು ಅವನಿಗೂ ಗೊತ್ತು. ಆದರೆ ಬಿಳಿಯದಕ್ಕೂ ಕರಿಯದಕ್ಕೂ ನಡುವೆ ಆಯ್ದುಕೊಳ್ಳಬೇಕಾದಾಗ ನಾನು ಮೋಸಹೋಗುವುದಿಲ್ಲವೆಂದು ಅವನು ಹೇಳುತ್ತಾನೆ. ಗೊದುನೊವನಿಗೂ, ವೀರನೂ ನೇರ ನಡೆಯವನೂ ಆದ ಇವಾನ್ ಶುಯ್‌ಸ್ಕಿಗೂ ಇರುವ ಹಗೆಯನ್ನು ಆರಿಸಲು ಅವನು ಪಡುವ ಪಾಡೇ ನಾಟಕ. ಒಳ್ಳೆಯತನದಿಂದ ಅವನು ಇಡುವ ಒಂದೊಂದು ಹೆಜ್ಜೆಯೂ ಯಾರದೋ ಸಾವಿಗೆ ದಾರಿಮಾಡುತ್ತದೆ.

ಆ ಕೊನೆಯ ದೃಶ್ಯದಲ್ಲಿ, ತಂದೆಯ ಸ್ಮರಣೆಯ ಪ್ರಾರ್ಥನೆ ಮುಗಿಸಿ ಈ ಬಾಗಿಲಿನಿಂದ ಹೊರಬರುವ ಫ್ಯೋದೊರನಿಗೆ ಸುದ್ದಿಗಳು ಒಂದರ ಮೇಲೊಂದು ಬಂದು ಬಡಿಯುತ್ತವೆ: ಶುಯ್‌ಸ್ಕಿ ಸೆರೆಮನೆಯಲ್ಲಿ ಸತ್ತನು; ಉಗ್ಲಿಚ್‌ನಲ್ಲಿದ್ದ ಮಲತಮ್ಮ, ಎಳೆಯ ದ್ಮಿತ್ರಿ ಸತ್ತನು; ತಾತಾರರ ಸೈನ್ಯ ಮಾಸ್ಕೋ ಕಡೆಗೆ ಬರುತ್ತಿದೆ. ಇತಿಹಾಸದಲ್ಲಿ ಇವು ಒಂದೇ ದಿನದ ಸುದ್ದಿಗಳಲ್ಲ. ಶುಯ್‌ಸ್ಕಿ ಸತ್ತದ್ದು 1588ರಲ್ಲಿ, ದ್ಮಿತ್ರಿ 1591ರಲ್ಲಿ. ಟಾಲ್‌ಸ್ಟಾಯ್ ಇದನ್ನು ಅರಿಯದೆ ಮಾಡಲಿಲ್ಲ. ಮೊದಲ ನಾಟಕವನ್ನು ರಂಗಕ್ಕೆ ತರುವವರಿಗೆಂದು ಬರೆದ ಸುದೀರ್ಘ ಟಿಪ್ಪಣಿಯಲ್ಲಿ, ಮಾನವ ಸತ್ಯವೇ ಕವಿಯ ಕಾನೂನು, ಐತಿಹಾಸಿಕ ಸತ್ಯ ನಾಟಕದಲ್ಲಿ ಹಿಡಿಸಿದರೆ ಒಳ್ಳೆಯದು, ಹಿಡಿಸದಿದ್ದರೆ ಅದಿಲ್ಲದೆಯೂ ಅವನು ನಡೆಯಬಲ್ಲನೆಂದು ಅವನು ಸಾರಿಬಿಟ್ಟಿದ್ದನು. ಐತಿಹಾಸಿಕ ನಾಟಕ ಬರೆಯುವವರು ಇಂದಿಗೂ ಜಗಳಾಡುವ ಪ್ರಶ್ನೆ ಇದು. ಫ್ಯೋದೊರನ ಆ ಮೂರು ಪೆಟ್ಟುಗಳನ್ನು ಓದಿದ ಮೇಲೆ ನಾನಂತೂ ಅವನ ಪಕ್ಷ.

ಕೆಥೆಡ್ರಲ್ ಒಳಗೆ ಸಾಲುಸಾಲಾಗಿ ರಾಜರ ಸಮಾಧಿಗಳಿವೆ. ಇವಾನ್ ಗ್ರೋಜ್ನಿ, ಅವನ ಕೈಯಲ್ಲಿ ಸತ್ತ ಹಿರಿಯ ಮಗ ಇವಾನ್, ಕಿರಿಯ ಮಗ ಫ್ಯೋದೊರ್, ಈ ಮೂವರೂ ಪ್ರತಿಮಾಭಿತ್ತಿಯ ಹಿಂದಿನ ಪ್ರತ್ಯೇಕ ಕೋಣೆಯಲ್ಲಿದ್ದಾರೆ. ಸಾಮಾನ್ಯ ಪ್ರವಾಸಿಗರಿಗೆ ಅಲ್ಲಿಗೆ ಪ್ರವೇಶವಿಲ್ಲ. 1963ರಲ್ಲಿ ಆ ಗೋರಿಗಳನ್ನು ತೆರೆದಾಗ ಮಿಖಾಯಿಲ್ ಗೆರಾಸಿಮೊವ್ ಎಂಬ ವಿಜ್ಞಾನಿ ತಲೆಬುರುಡೆಗಳ ಆಧಾರದ ಮೇಲೆ ಇವಾನನ ಮತ್ತು ಫ್ಯೋದೊರನ ಮುಖಗಳನ್ನು ರೂಪಿಸಿದನು. ಬಾಲಕ ದ್ಮಿತ್ರಿಯ ಸಮಾಧಿ ಮಾತ್ರ ಸಭಾಂಗಣದಲ್ಲೇ, ಕೆತ್ತನೆಯ ಮಂಟಪದಡಿಯಲ್ಲಿ, ಎಲ್ಲರಿಗೂ ಕಾಣುವಂತಿದೆ. 1606ರಲ್ಲಿ ಅವನ ಅವಶೇಷಗಳನ್ನು ಉಗ್ಲಿಚ್‌ನಿಂದ ಇಲ್ಲಿಗೆ ತಂದರು. ಯಾರ ಸಾವಿನ ಸುದ್ದಿ ಕೇಳಿ ಈ ಬಾಗಿಲಿನ ಹೊರಗೆ ಫ್ಯೋದೊರ್ ಕುಸಿಯುತ್ತಾನೋ ಆ ಹುಡುಗ ಬಾಗಿಲಿನ ಒಳಗೆ ಅವನೊಡನೆ ಒಂದೇ ಸೂರಿನಡಿ ಇದ್ದಾನೆ. ನಾನು ಹೊರಬಂದು ಒದ್ದೆ ಕಲ್ಲಿನ ಮೇಲೆ ನಿಂತು ನೋಟುಪುಸ್ತಕ ತೆರೆದೆ.

ನನ್ನನ್ನು ಕಾಡುತ್ತಿದ್ದ ಸಾಲುಗಳು ಇಲ್ಲಿಯವು. ಎಲ್ಲವನ್ನೂ ಬೊರಿಸನಿಗೆ ಒಪ್ಪಿಸಿ, ಹೆಂಡತಿಯ ಕಡೆ ತಿರುಗಿ ಫ್ಯೋದೊರ್ ಹೇಳುತ್ತಾನೆ: ಇದೆಲ್ಲ ನನ್ನಿಂದಲೇ ಆಯಿತು, ಆದರೆ ನಾನು ಬಯಸಿದ್ದು ಒಳ್ಳೆಯದನ್ನೇ, ಅರೀನಾ. ಆಮೇಲೆ ರಷ್ಯನ್ನಿನಲ್ಲಿ ಎರಡು ಕ್ರಿಯಾಪದಗಳು ಬರುತ್ತವೆ, 'ಸೊಗ್ಲಸೀತ್', 'ಸ್ಗ್ಲಾದಿತ್'. ಮೊದಲನೆಯದು ಮನಸ್ಸುಗಳನ್ನು ಒಂದಾಗಿಸುವುದು, ಎರಡನೆಯದು ಏರುತಗ್ಗುಗಳನ್ನು ಸಮ ಮಾಡುವುದು. ಎರಡೂ ಸದ್ದಿನಲ್ಲಿ ಅಕ್ಕತಂಗಿಯರಂತಿವೆ. ಮಾತು ತಡವರಿಸುವವನ ಬಾಯಲ್ಲಿ ಒಂದು ಇನ್ನೊಂದಕ್ಕೆ ಎಡವುತ್ತದೆ. 'ರಾಜಿ ಮಾಡಿಸಲು, ಸರಿಪಡಿಸಲು' ಎಂದು ನಾನು ಬರೆದದ್ದು ಪಂಚಾಯಿತಿಯ ತೀರ್ಪಿನಂತೆ ಕೇಳುತ್ತಿತ್ತು. ಅಲ್ಲಿ ನಿಂತಿದ್ದಾಗ ಒಂದು ಜೋಡಿ ಹೊಳೆಯಿತು: 'ಎಲ್ಲರನ್ನೂ ಒಂದುಗೂಡಿಸಬೇಕೆಂದಿದ್ದೆ, ಎಲ್ಲವನ್ನೂ ಸರಿಗೂಡಿಸಬೇಕೆಂದಿದ್ದೆ.' ಮೆಲ್ಲನೆ ಬಾಯಿಬಿಟ್ಟು ಹೇಳಿ ನೋಡಿದೆ. ಎರಡು ವರ್ಷದ ತಿದ್ದುಪಾಟಿಗೆ ಸಿಗದ ಮಾತು ಆ ಬಯಲಿನಲ್ಲಿ ಐದು ನಿಮಿಷಕ್ಕೆ ಸಿಕ್ಕಿತ್ತು.

ಐದನೆಯ ದಿನ: ಕರೇತ್ನಿ ರ್ಯಾದ್, ಕಮೆರ್ಗೆರ್‌ಸ್ಕಿ, ಮಾಲಿ ಥಿಯೇಟರ್

1868ರಲ್ಲಿ ಅಚ್ಚಾದ 'ಫ್ಯೋದೊರ್' ನಾಟಕವನ್ನು ರಂಗಕ್ಕೆ ತರಲು ಸೆನ್ಸಾರ್ ಒಪ್ಪಲಿಲ್ಲ. ಸಿಂಹಾಸನದಲ್ಲಿ ಕುಳಿತ ದುರ್ಬಲನೊಬ್ಬನನ್ನು ಜನರ ಮುಂದೆ ತೋರಿಸುವುದು ಅಧಿಕಾರಿಗಳಿಗೆ ಬೇಡವಾಗಿತ್ತು. ಕ್ರೂರ ಇವಾನನನ್ನು ಸಹಿಸಿದವರಿಗೆ ಮರುಕದ ಫ್ಯೋದೊರ್ ಹೆಚ್ಚು ಅಪಾಯಕಾರಿಯಾಗಿ ಕಂಡನು. ಮೂರನೆಯ ನಾಟಕ 'ಝಾರ್ ಬೊರಿಸ್' 1870ರಲ್ಲಿ ಹೊರಬಂದಿತು. ಅದಕ್ಕೂ ಅವನ ಜೀವಿತಕಾಲದಲ್ಲಿ ರಂಗ ಸಿಗಲಿಲ್ಲ. ತನ್ನ ಕೃತಿಗಳಲ್ಲೇ ಶ್ರೇಷ್ಠವಾದ ನಾಟಕವನ್ನು ಟಾಲ್‌ಸ್ಟಾಯ್ ಒಮ್ಮೆಯೂ ರಂಗದ ಮೇಲೆ ನೋಡಲಿಲ್ಲ. ಮೂವತ್ತು ವರ್ಷ ಕಳೆದು ನಿಷೇಧ ಸಡಿಲವಾದಾಗ ಎರಡು ನಗರಗಳಲ್ಲಿ ಎರಡು ತಂಡಗಳು ಬಹುತೇಕ ಒಟ್ಟಿಗೇ ಅದನ್ನು ಎತ್ತಿಕೊಂಡವು: 1898ರ ಅಕ್ಟೋಬರ್ 12ರಂದು ಪೀಟರ್ಸ್‌ಬರ್ಗಿನಲ್ಲಿ ಪಾವೆಲ್ ಓರ್ಲೆನೆವ್ ಫ್ಯೋದೊರನಾದನು, ಎರಡು ದಿನಗಳ ಮೇಲೆ ಮಾಸ್ಕೋದಲ್ಲಿ ಇವಾನ್ ಮಾಸ್ಕ್ವಿನ್.

ಮಾಸ್ಕೋ ಆರ್ಟ್ ಥಿಯೇಟರಿನ ಆ ಮೊದಲ ಸಂಜೆ ನಡೆದದ್ದು ಕರೇತ್ನಿ ರ್ಯಾದ್‌ನ ಎರ್ಮಿತಾಜ್ ಉದ್ಯಾನದ ರಂಗಮಂದಿರದಲ್ಲಿ. ಬೆಳಿಗ್ಗೆ ಅಲ್ಲಿಗೆ ಹೋದೆ. ಎಲೆ ಉದುರಿದ ಮರಗಳ ಕೆಳಗೆ ಅಜ್ಜಿಯರು ಮೊಮ್ಮಕ್ಕಳ ತಳ್ಳುಗಾಡಿಗಳೊಡನೆ ಕುಳಿತಿದ್ದರು. ತಂಡದ ಸ್ಥಾಪಕರಾದ ಸ್ತಾನಿಸ್ಲಾವ್‌ಸ್ಕಿಯೂ ನೆಮಿರೊವಿಚ್-ದಾಂಚೆಂಕೊನೂ ಆ ವರ್ಷದ ಬೇಸಿಗೆಯೆಲ್ಲ ಪುಷ್ಕಿನೊ ಎಂಬಲ್ಲಿ ತಾಲೀಮು ಮಾಡಿಸಿದ್ದರು. ಚಿತ್ರಕಾರ ವಿಕ್ಟರ್ ಸಿಮೋವ್ ಮೊದಲಾದವರೊಡನೆ ಸ್ತಾನಿಸ್ಲಾವ್‌ಸ್ಕಿ ರೊಸ್ತೊವ್, ಯಾರೊಸ್ಲಾವ್ಲ್ ಮುಂತಾದ ಹಳೆಯ ಊರುಗಳನ್ನು ಸುತ್ತಿ ಹಳೆಯ ಉಡುಗೆ, ಕಸೂತಿ, ಪಾತ್ರೆಗಳನ್ನು ಅರಸಿದ್ದನು; ನಿಜ್ನಿ ನೊವ್‌ಗೊರೊದ್‌ನ ಜಾತ್ರೆಯಲ್ಲಿ ಒಂದು ಹಳೆಯ ಸಾಮಾನಿನ ರಾಶಿಯನ್ನೇ ಸಾವಿರ ರೂಬಲ್ಲಿಗೆ ಕೊಂಡು, ಆ ಕಸದೊಳಗಿಂದ ಬೇಕಾದುದನ್ನು ಹೆಕ್ಕಿಕೊಂಡನೆಂದು ಅವನೇ ಬರೆದಿದ್ದಾನೆ. ತೆರೆ ಸರಿದಾಗ ಆ ಹೊಸ ರಂಗಮಂದಿರದಲ್ಲಿ ಕೇಳಿದ ಮೊದಲ ಮಾತು ನಾಟಕದ ಮೊದಲ ಸಾಲೇ: ಈ ಕಾರ್ಯದ ಮೇಲೆ ನನಗೆ ಗಟ್ಟಿ ಭರವಸೆಯಿದೆ, ಎಂದು. ಅದು ಒಬ್ಬ ಪಿತೂರಿಗಾರ ಇನ್ನೊಬ್ಬರಿಗೆ ಹೇಳುವ ಮಾತು. ಆ ಸಂಜೆ ತೆರೆಯ ಹಿಂದೆ ಎದೆ ಹಿಡಿದು ನಿಂತಿದ್ದವರಿಗೆ ಅದು ತಮ್ಮದೇ ಮಾತಾಗಿ ಕೇಳಿರಬೇಕು. ಇರೀನಾಳ ಪಾತ್ರದಲ್ಲಿ ಓಲ್ಗಾ ಕ್ನಿಪ್ಪೆರ್, ವಾಸಿಲಿ ಶುಯ್‌ಸ್ಕಿಯಾಗಿ ಮೆಯೆರ್‌ಹೋಲ್ಡ್ ಇದ್ದರು. 1923ರ ಜನವರಿಯಲ್ಲಿ ತಂಡ ನ್ಯೂಯಾರ್ಕಿಗೆ ಹೋದಾಗಲೂ ಮೊದಲು ಆಡಿದ್ದು ಇದೇ ನಾಟಕ. ಕಮೆರ್ಗೆರ್‌ಸ್ಕಿ ಓಣಿಯ ಈಗಿನ ಮಂದಿರಕ್ಕೆ ಅವರು ಬಂದದ್ದು 1902ರಲ್ಲಿ. ಅದರ ಬಳಿ ಇಬ್ಬರು ಸ್ಥಾಪಕರ ಪ್ರತಿಮೆಗಳು ಜೊತೆಯಾಗಿ ನಿಂತಿವೆ.

ತ್ರೆತ್ಯಾಕೊವ್ ಗ್ಯಾಲರಿಗೂ ಹೋದೆ, ಆದರೆ ರೇಪಿನ್ ಬರೆದ ಇವಾನ್ ಮತ್ತು ಅವನ ಮಗನ ಚಿತ್ರವನ್ನು ನೋಡಲಾಗಲಿಲ್ಲ. 2018ರ ಮೇ ತಿಂಗಳಲ್ಲಿ ಒಬ್ಬನು ಕಬ್ಬಿಣದ ಕಂಬದಿಂದ ಹೊಡೆದು ಅದನ್ನು ಹರಿದಿದ್ದರಿಂದ ದುರಸ್ತಿಗೆ ಒಯ್ದಿದ್ದರು.

ಸಂಜೆ ಮಾಲಿ ಥಿಯೇಟರ್. 1973ರಲ್ಲಿ ಬೊರಿಸ್ ರಾವೆನ್‌ಸ್ಕಿಖ್ ನಿರ್ದೇಶನದಲ್ಲಿ, ಸ್ಮೊಕ್ತುನೊವ್‌ಸ್ಕಿ ಫ್ಯೋದೊರನಾಗಿ ಇಲ್ಲಿ ಆರಂಭವಾದ ಪ್ರಯೋಗ ನಟರು ಬದಲಾದರೂ ದಶಕಗಳ ಕಾಲ ನಿಲ್ಲದೆ ನಡೆದುಬಂದಿದೆ. ಅದಕ್ಕೆ ಗಿಯೋರ್ಗಿ ಸ್ವಿರಿದೊವ್ ಬರೆದ ವೃಂದಗಾನಕ್ಕೆ ವಾದ್ಯಗಳ ಹಂಗಿಲ್ಲ. ಬರೀ ಮನುಷ್ಯ ಕಂಠಗಳು. ಆ ಗಾನ ಮೊದಲ ಬಾರಿ ಕತ್ತಲೆಯೊಳಗಿಂದ ಎದ್ದಾಗ ನನ್ನ ಕಣ್ಣು ತುಂಬಿತು, ಮತ್ತು ಅದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಎರಡನೆಯ ಅಂಕದ ಸಂಧಾನದ ದೃಶ್ಯವನ್ನು ನಾನು ಓದುವಾಗ ಕಂಡದ್ದಕ್ಕಿಂತ ಬೇರೆಯಾಗಿ ಅಲ್ಲಿ ಕಂಡೆ. ಫ್ಯೋದೊರ್ ಗೊದುನೊವ್ ಮತ್ತು ಶುಯ್‌ಸ್ಕಿಯರ ಕೈಗಳನ್ನು ಸೇರಿಸುತ್ತಾನೆ, ಇಬ್ಬರೂ ಶಿಲುಬೆಗೆ ಮುತ್ತಿಟ್ಟು ಆಣೆ ಮಾಡುತ್ತಾರೆ, ಅವನು ಮಗುವಿನಂತೆ ಹಿಗ್ಗುತ್ತಾನೆ. ಆಗ ಶುಯ್‌ಸ್ಕಿಯನ್ನು ನಂಬಿ ಗೊದುನೊವನನ್ನು ಎದುರುಹಾಕಿಕೊಂಡಿದ್ದ ಮಾಸ್ಕೋದ ವರ್ತಕರು ಮುಂದೆ ಬಂದು ಹೇಳುವ ಒಂದು ಸಾಲಿದೆ: ಅಯ್ಯೋ ಪ್ರಭು, ನೀವು ರಾಜಿಯಾಗುತ್ತಿರುವುದು ನಮ್ಮ ತಲೆಗಳನ್ನು ಕೊಟ್ಟು! ಫ್ಯೋದೊರನ ಗಮನ ಅವರಲ್ಲೊಬ್ಬ ಗಟ್ಟಿಮುಟ್ಟಾದ ಹುಡುಗನ ಮೇಲೆ, ಅವನ ಮುಷ್ಟಿಕಾಳಗದ ಪರಾಕ್ರಮದ ಮೇಲೆ. ಗೊದುನೊವ್ ಅವರ ಹೆಸರುಗಳನ್ನು ಬರೆಸಿಕೊಳ್ಳುತ್ತಾನೆ. ಅದೇ ರಾತ್ರಿ ಅವರನ್ನು ಹಿಡಿದುಹಾಕುತ್ತಾರೆ. ರಂಗದ ಒಂದು ಬದಿಯಲ್ಲಿ ನಗು, ಇನ್ನೊಂದು ಬದಿಯಲ್ಲಿ ಕಾಗದದ ಮೇಲೆ ಲೇಖನಿ: ನನ್ನ ಕಣ್ಣು ಕಡೆಯವರೆಗೂ ಆ ಲೇಖನಿಯನ್ನು ಬಿಡಲಿಲ್ಲ. ಯಾರೂ ಸುಳ್ಳಾಡುತ್ತಿಲ್ಲದ ಕ್ಷಣವೊಂದರಲ್ಲಿ ಎಂಟು ಹತ್ತು ಮಂದಿಯ ಬದುಕು ಮುಗಿದುಹೋಗುತ್ತದೆ. ದರ್ಬಾರಿನೊಳಗೆ ಬೆಳೆದವನು ಮಾತ್ರ ಇದನ್ನು ಬರೆಯಬಲ್ಲನು.

ಆರನೆಯ ದಿನ: ಬ್ರ್ಯಾನ್‌ಸ್ಕ್

ಕೀವ್‌ಸ್ಕಿ ನಿಲ್ದಾಣದಿಂದ ರೈಲು ಹತ್ತಿ, ಕಾಡು ಮತ್ತು ಕಟಾವಾದ ಹೊಲಗಳ ನಡುವೆ ಸುಮಾರು 380 ಕಿಲೋಮೀಟರ್ ಸಾಗಿ ಬ್ರ್ಯಾನ್‌ಸ್ಕ್ ಸೇರಿದೆ. ಇಲ್ಲಿನ ಪ್ರಾಂತೀಯ ನಾಟಕ ಮಂದಿರಕ್ಕೆ ಟಾಲ್‌ಸ್ಟಾಯಿಯ ಹೆಸರಿದೆ, ಹತ್ತಿರದ ಉದ್ಯಾನಕ್ಕೂ ಅವನದೇ ಹೆಸರು. ಉದ್ಯಾನದ ಒಣಗಿದ ಮರಗಳನ್ನು ಕಡಿಯದೆ ನಿಂತಲ್ಲೇ ಕೆತ್ತಿ ವಿಗ್ರಹಗಳನ್ನಾಗಿ ಮಾಡಿದ್ದಾರೆ. ಮೂರು ವರ್ಷಗಳ ಮೇಲೆ ಯುದ್ಧದ ಸುದ್ದಿಗಳಲ್ಲಿ ಈ ಗಡಿನಾಡಿನ ಹೆಸರನ್ನು ಪದೇ ಪದೇ ಕೇಳುವಾಗ, ಮರದ ವಿಗ್ರಹವೊಂದರ ತಲೆಯ ಮೇಲೆ ಕುಳಿತಿದ್ದ ಪುಟ್ಟ ಹುಡುಗಿಯ ಕೆಂಪು ಟೋಪಿ ನನಗೆ ನೆನಪಾಗುತ್ತಿತ್ತು.

ಏಳನೆಯ ದಿನ: ಕ್ರಾಸ್ನಿ ರೋಗ್

ಪೊಚೆಪ್ ಕಡೆಗೆ ಹೋಗುವ ಬಸ್ಸು ಒಂದೂವರೆ ಗಂಟೆಯಲ್ಲಿ ನನ್ನನ್ನು ರಸ್ತೆಬದಿಯಲ್ಲಿ ಇಳಿಸಿತು. ಅಲ್ಲಿಂದ ನಡಿಗೆ. ಹೆಸರಿನ ಅರ್ಥ ಚೆಂದದ ರೋಗ್ ಎಂದು. ರೋಗ್ ಇಲ್ಲಿಯ ಪುಟ್ಟ ನದಿ. ಟಾಲ್‌ಸ್ಟಾಯಿಯ ಕಾಲದಲ್ಲಿ ಇದು ಚೆರ್ನಿಗೊವ್ ಪ್ರಾಂತಕ್ಕೆ ಸೇರಿತ್ತು. 1836ರಲ್ಲಿ ಸೋದರಮಾವ ಸತ್ತಾಗ ಇದು ಅವನ ಪಾಲಿಗೆ ಬಂದಿತು. 1841ರಲ್ಲಿ ರಕ್ತಪಿಶಾಚಿಯ ಕಥೆಯೊಂದಿಗೆ ಮೊದಲ ಬಾರಿ ಅಚ್ಚಿನಲ್ಲಿ ಕಾಣಿಸಿಕೊಂಡಾಗ ಅವನು ಇಟ್ಟುಕೊಂಡ ಗುಪ್ತನಾಮವೂ ಕ್ರಾಸ್ನೊರೋಗ್‌ಸ್ಕಿ. ಬಾಳಿನ ಕೊನೆಯ ವರ್ಷಗಳನ್ನು ಬಹುಪಾಲು ಇಲ್ಲಿಯೇ ಕಳೆದನು.

ಜೊತೆಯಲ್ಲಿದ್ದವಳು ಹೆಂಡತಿ ಸೋಫಿಯಾ. 1851ರ ಚಳಿಗಾಲದ ಮುಖವಾಡದ ನೃತ್ಯಕೂಟವೊಂದರಲ್ಲಿ ಕಂಡ ಅವಳ ಮೇಲೆ ಬರೆದ ಕವಿತೆಗೆ ಮುಂದೆ ಚೈಕೋವ್‌ಸ್ಕಿ ರಾಗ ಹಾಕಿದನು. ಅದು ಇಂದಿಗೂ ರಷ್ಯನ್ನರ ನಾಲಿಗೆಯ ಮೇಲಿದೆ. ಆದರೆ ಅವಳು ಬೇರೊಬ್ಬರ ಹೆಂಡತಿಯಾಗಿದ್ದಳು, ಅವನ ತಾಯಿಗೆ ಅವಳು ಬೇಡವಾಗಿದ್ದಳು. ಮದುವೆಯಾದದ್ದು 1863ರಲ್ಲಿ, ಹನ್ನೆರಡು ವರ್ಷಗಳ ಮೇಲೆ. ಒಡೆಸ್ಸಾದ ಜ್ವರದಲ್ಲಿ ಅವನ ಹಾಸಿಗೆಯ ಬಳಿ ಕುಳಿತು ಆರೈಕೆ ಮಾಡಿದವಳೂ ಅವಳೇ. ಫ್ಯೋದೊರ್ ಮತ್ತು ಇರೀನಾರ ದಾಂಪತ್ಯದ ಮಾತುಗಳಲ್ಲಿರುವ ಮೃದುತ್ವ ಎಲ್ಲಿಂದ ಬಂತೆಂದು ನಾನು ಬೇರೆಲ್ಲಿಯೂ ಹುಡುಕುವುದಿಲ್ಲ.

ಲಿಂಡೆನ್ ಮರಗಳ ಸಾಲುದಾರಿಯ ಕೊನೆಗೆ ಮರದ ಮನೆಯಿದೆ. ಮೂಲ ಮನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟುಹೋಯಿತು. ಈಗಿನದು ಅದರ ಮಾದರಿಯಲ್ಲಿ ಮತ್ತೆ ಕಟ್ಟಿದ್ದು, ಈಗ ವಸ್ತುಸಂಗ್ರಹಾಲಯ. ಆ ದಿನ ನಾನೊಬ್ಬನೇ ಪ್ರವಾಸಿ. ಅಲ್ಲಿನ ಮಾರ್ಗದರ್ಶಕಿ ಅರವತ್ತು ದಾಟಿದವರು, ಭುಜದ ಮೇಲೆ ಉಣ್ಣೆಯ ಶಾಲು. ನಾನು ಭಾರತದಿಂದ ಬಂದಿರುವೆನೆಂದೂ ನಾಟಕವನ್ನು ನನ್ನ ಭಾಷೆಗೆ ತರುತ್ತಿರುವೆನೆಂದೂ ನನ್ನ ಕುಂಟು ರಷ್ಯನ್ನಿನಲ್ಲಿ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಚಹಾ ಕುಡಿದೇ ಹೋಗಬೇಕೆಂದರು.

ಕೊನೆಯ ವರ್ಷಗಳಲ್ಲಿ ಅವನಿಗೆ ಉಬ್ಬಸವೂ ಸಹಿಸಲಾಗದ ತಲೆಶೂಲೆಯೂ ಇದ್ದವು. ನೋವಿಗೆಂದು ವೈದ್ಯರು ಸೂಚಿಸಿದ್ದ ಮಾರ್ಫಿನ್ ಪ್ರಮಾಣ ಮೀರಿ ದೇಹಕ್ಕೆ ಸೇರಿದ್ದರಿಂದ 1875ರ ಸೆಪ್ಟೆಂಬರ್ 28ರಂದು, ಹೊಸ ಪಂಚಾಂಗದಂತೆ ಅಕ್ಟೋಬರ್ 10ರಂದು, ಈ ಮನೆಯಲ್ಲಿ ಅವನು ತೀರಿಕೊಂಡನು. ಐವತ್ತೆಂಟು ವರ್ಷ. ಪ್ರಾಚೀನ ನೊವ್‌ಗೊರೊದ್ ನಗರವನ್ನು ಕುರಿತ 'ಪೊಸಾದ್ನಿಕ್' ನಾಟಕ ಅರ್ಧಕ್ಕೇ ನಿಂತಿತು. ಅದಕ್ಕೆ ಎರಡು ವರ್ಷ ಮೊದಲು ವಿಜ್ಞಾನ ಅಕಾಡೆಮಿ ಅವನನ್ನೂ ಲಿಯೋ ಟಾಲ್‌ಸ್ಟಾಯ್ ಅವರನ್ನೂ ಒಂದೇ ದಿನ ಸದಸ್ಯರನ್ನಾಗಿ ಆರಿಸಿತ್ತು.

ಮನೆಗೆ ಸ್ವಲ್ಪ ದೂರದಲ್ಲಿ 1777ರ ಮರದ ಚರ್ಚು. ಅದರ ಪಕ್ಕದ ಸಮಾಧಿಯಲ್ಲಿ ಗಂಡಹೆಂಡಿರಿಬ್ಬರೂ ಇದ್ದಾರೆ. ಮಾರ್ಗದರ್ಶಕಿ ನನ್ನೊಡನೆ ಅಲ್ಲಿಯವರೆಗೂ ಬಂದರು. ಉದುರಿದ ಎಲೆಗಳನ್ನು ಶೂವಿನ ತುದಿಯಿಂದ ಸರಿಸಿ, ಕೊನೆಯ ಸಾಲುಗಳನ್ನು ನಿಮ್ಮ ಭಾಷೆಯಲ್ಲಿ ಹೇಳಿ, ಅವರು ಕೇಳಲಿ, ಎಂದರು. ನಾನು ನೋಟುಪುಸ್ತಕ ತೆರೆದು ಓದಿದೆ. ಕ್ರೆಮ್ಲಿನ್ ಬಯಲಿನಲ್ಲಿ ಸಿಕ್ಕಿದ ಜೋಡಿಪದ ಬಂದಾಗ ಅರ್ಥವಾಗದಿದ್ದರೂ ಅವರು ತಲೆದೂಗಿದರು, ಸದ್ದು ಹಿಡಿದಿತ್ತು. ಕಟ್ಟಕಡೆಯ ಸಾಲನ್ನು, 'ದೇವರೇ, ದೇವರೇ, ನನ್ನನ್ನು ಏಕೆ ದೊರೆಯಾಗಿ ನಿಲ್ಲಿಸಿದೆ' ಎಂಬುದನ್ನು, ಓದಿ, ಒಂದೊಂದೇ ಪದವನ್ನು ರಷ್ಯನ್ನಿಗೆ ಮರಳಿಸಿ ವಿವರಿಸಿದೆ.

'ಏಕೆ' ಎಂಬಲ್ಲಿ ಅವರು ತಡೆದರು. 'ಪೊಚೆಮು ಅಲ್ಲಪ್ಪ, ಝಾ ಷ್ತೋ,' ಎಂದರು. ಮೊದಲನೆಯದು ಬರೀ ಕಾರಣ ಕೇಳುವ ಪ್ರಶ್ನೆ. ಎರಡನೆಯದು ಪೆಟ್ಟು ತಿಂದ ಮಗು ಕೇಳುವ ಪ್ರಶ್ನೆಯೆಂದು ಅವರು ತಮ್ಮ ಅಂಗೈಯನ್ನು ಕೆನ್ನೆಗೆ ಇಟ್ಟು ತೋರಿಸಿದರು. ಅಷ್ಟು ದಿನವೂ ಆ ಪದ ನನ್ನ ಕಣ್ಣಮುಂದೆಯೇ ಇತ್ತು. ನಿಘಂಟು ಎರಡಕ್ಕೂ ಒಂದೇ ಅರ್ಥ ಕೊಟ್ಟಿದ್ದರಿಂದ ನಾನು ದಾಟಿ ಹೋಗಿದ್ದೆ.

ನಾಲ್ಕು ಗಂಟೆಗೆ ಬ್ರ್ಯಾನ್‌ಸ್ಕಿಗೆ ಮರಳುವ ಬಸ್ಸು ಬಂತು. ಕಿಟಕಿಯ ಪಕ್ಕ ಕುಳಿತು, ಚಹಾದ ಜೊತೆ ಅವರು ಕಾಗದದಲ್ಲಿ ಕಟ್ಟಿಕೊಟ್ಟ ಸೇಬುಗಳನ್ನು ಮಡಿಲಲ್ಲಿಟ್ಟುಕೊಂಡು, ನೋಟುಪುಸ್ತಕದ ಕೊನೆಯ ಪುಟದಲ್ಲಿ 'ಏಕೆ' ಎಂಬುದನ್ನು ಹೊಡೆದುಹಾಕಿ ಅದರ ಮೇಲೆ ಬರೆದೆ: 'ದೇವರೇ, ದೇವರೇ, ಯಾವ ತಪ್ಪಿಗೆ ನನ್ನನ್ನು ದೊರೆಯಾಗಿ ನಿಲ್ಲಿಸಿದೆ!'